ಹದಿನಾಲ್ಕು ಜಿಬಿ ತೂಗುತ್ತಿದ್ದ ಗಿಟ್ ರೆಪೊಸಿಟರಿಯ ದುರಸ್ತಿ: ಎರಡು ವಾರದ ಕೆಲಸದ ದಾಖಲೆ

ಬಸವನಗುಡಿಯ ನಮ್ಮ ಕಚೇರಿಯಲ್ಲಿ ಐದು ಜನ ಕೆಲಸ ಮಾಡುತ್ತೇವೆ. ಪ್ರಕಾಶಕರು ಕೊಡುವ ಕನ್ನಡ ಪುಸ್ತಕಗಳ ಪಠ್ಯ ಹಳೆಯ ನುಡಿ ಫಾಂಟುಗಳಲ್ಲಿದ್ದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಕರಡು ತಿದ್ದಿ, ಪುಟವಿನ್ಯಾಸ ಮಾಡಿ ಅಚ್ಚಿಗೆ ಕಳುಹಿಸುವುದು ನಮ್ಮ ವೃತ್ತಿ. 2016ರವರೆಗೆ ಪಠ್ಯಗಳನ್ನು, ಕಡತಗಳ ಪ್ರತಿ ಬದಲಾವಣೆಯ ಇತಿಹಾಸವನ್ನೂ ಉಳಿಸುವ ಸಬ್‌ವರ್ಶನ್ ಎಂಬ ತಂತ್ರಾಂಶದಲ್ಲಿ ಇಡುತ್ತಿದ್ದೆವು. ಆ ವರ್ಷ ಅದೇ ಕೆಲಸ ಮಾಡುವ ಗಿಟ್‌ಗೆ ಬಂದೆವು; ಕಡತಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹವೇ ರೆಪೊಸಿಟರಿ. ಕಚೇರಿಯ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಒಂದೇ ನಮ್ಮ ಸರ್ವರ್. ಕಳೆದ ತಿಂಗಳು ಕರಡು ತಿದ್ದುವ ಹಿರಿಯರ ಎರಡು ದಿನದ ಕೆಲಸ ಕಣ್ಮರೆಯಾದ ಮೇಲೆ, ಗಿಟ್ಟನ್ನೇ ಬಿಟ್ಟುಬಿಡಬೇಕೆ ಅಥವಾ ಇರುವುದನ್ನು ಸರಿಪಡಿಸಿಕೊಳ್ಳಬೇಕೆ ಎಂಬ ಪ್ರಶ್ನೆಗೆ ನಾವು ಮಾಡಿಯೇ ಉತ್ತರ ಕಂಡುಕೊಳ್ಳಬೇಕಾಯಿತು. ಮಾಡಿದ್ದನ್ನೂ ಕೆಡಿಸಿದ್ದನ್ನೂ ಮಾಡಿದ ಕ್ರಮದಲ್ಲಿಯೇ ಬರೆದಿದ್ದೇನೆ.

ದಿನ 1, ಶನಿವಾರ: ಕಳೆದುಹೋದ ತಿದ್ದುಪಡಿಗಳ ಹುಡುಕಾಟ

ಹಿಂದಿನ ದಿನ ಸಂಜೆ, ಪುಟವಿನ್ಯಾಸ ಮಾಡುವ ಸಹೋದ್ಯೋಗಿ ತಮ್ಮ ಕಮಿಟ್‌ಗಳನ್ನು (ದಾಖಲಿಸಿದ ಬದಲಾವಣೆಗಳನ್ನು) ಪುಶ್ ಮಾಡಲು, ಅಂದರೆ ಸರ್ವರಿಗೆ ಕಳುಹಿಸಲು, ಹೋದಾಗ ಸರ್ವರ್ ನಿರಾಕರಿಸಿತ್ತು. ಹಿರಿಯರು ಅದೇ ಬ್ರಾಂಚಿಗೆ (ಇತಿಹಾಸದ ಕವಲಿಗೆ) ಮಧ್ಯಾಹ್ನವೇ ಏಳು ಕಮಿಟ್‌ಗಳನ್ನು ಪುಶ್ ಮಾಡಿದ್ದುದೇ ಅದಕ್ಕೆ ಕಾರಣ. ಸಹೋದ್ಯೋಗಿ ಪುಲ್ ಮಾಡಿ ಸರ್ವರಿನಲ್ಲಿದ್ದುದನ್ನು ತಂದುಕೊಂಡರು; ಹದಿನೆಂಟು ಕಡತಗಳಲ್ಲಿ ಘರ್ಷಣೆ, ಅಂದರೆ ಒಂದೇ ಜಾಗದಲ್ಲಿ ಇಬ್ಬರ ಬೇರೆಬೇರೆ ತಿದ್ದುಪಡಿ, ಕಾಣಿಸಿತು; ಗಾಬರಿಯಾಗಿ ಮರ್ಜನ್ನು (ಇಬ್ಬರ ಕೆಲಸವನ್ನೂ ಸೇರಿಸುವುದನ್ನು) ರದ್ದುಮಾಡಿದರು; ಕೊನೆಗೆ ಎಲ್ಲೋ ಓದಿದ ಸಲಹೆಯಂತೆ ಫೋರ್ಸ್ ಆಯ್ಕೆಯೊಂದಿಗೆ ಪುಶ್ ಮಾಡಿದರು. ಈ ಸಲ ಸರ್ವರ್ ಮರುಮಾತಿಲ್ಲದೆ ಒಪ್ಪಿಕೊಂಡಿತು, ಹಿರಿಯರ ಏಳು ಕಮಿಟ್‌ಗಳು ಆ ಬ್ರಾಂಚಿನಿಂದ ಮರೆಯಾದವು.

ಶನಿವಾರ ಬೆಳಿಗ್ಗೆ ಹಿರಿಯರು ಮನೆಯಿಂದ ಫೋನ್ ಮಾಡಿ, “ಪುಲ್ ಆಗ್ತಾ ಇಲ್ಲಪ್ಪಾ, ಏನೋ ಎರರ್ ತೋರಿಸ್ತಿದೆ” ಎಂದರು. ಎರರ್ ಏನೆಂದು ಓದಿಸಿಕೊಳ್ಳದೆಯೇ ನಾನು, “ಫೆಚ್ ಮಾಡಿ, ಆಮೇಲೆ ಸರ್ವರಿನಲ್ಲಿರುವುದಕ್ಕೆ ಹಾರ್ಡ್ ರೀಸೆಟ್ ಕೊಟ್ಟುಬಿಡಿ ಸರ್” ಎಂದೆ. ಈ ದಾಖಲೆಯಲ್ಲಿರುವ ತಪ್ಪುಗಳಲ್ಲಿ ಅತಿ ದೊಡ್ಡದು ಇದೇ, ಮತ್ತು ಇದು ನನ್ನದು. ಅವರ ಲ್ಯಾಪ್‌ಟಾಪಿನಲ್ಲಿ ಇನ್ನೂ ಕಮಿಟ್ ಮಾಡದ ಮೂರು ಅಧ್ಯಾಯಗಳ ತಿದ್ದುಪಡಿಗಳಿದ್ದವು, ಗಿಟ್ ಪುಲ್ ಮಾಡಲು ಒಪ್ಪದಿದ್ದುದೂ ಆ ಕಾರಣಕ್ಕಾಗಿಯೇ. ಹಾರ್ಡ್ ರೀಸೆಟ್ ಒಂದು ಪ್ರಶ್ನೆಯನ್ನೂ ಕೇಳದೆ ಮೂರನ್ನೂ ಅಳಿಸಿಹಾಕಿತು.

ಲ್ಯಾಪ್‌ಟಾಪನ್ನು ಕಚೇರಿಗೆ ತರಿಸಿಕೊಂಡು ಹುಡುಕಲು ಕುಳಿತೆ. ಸರ್ವರಿನ ರೆಫ್‌ಲಾಗ್ (ಬ್ರಾಂಚ್‌ಗಳು ಹಿಂದೆ ಯಾವ ಯಾವ ಕಮಿಟ್‌ನಲ್ಲಿದ್ದವೆಂಬ ದಿನಚರಿ) ಖಾಲಿಯಿತ್ತು. ಕೆಲಸದ ಕಡತಗಳಿಲ್ಲದ ಬೇರ್ ರೆಪೊಸಿಟರಿಗಳಲ್ಲಿ ಗಿಟ್ ತಾನಾಗಿ ರೆಫ್‌ಲಾಗ್ ಬರೆಯುವುದಿಲ್ಲವೆಂಬುದನ್ನು, ಹಲವು ವರ್ಷ ಆ ಸರ್ವರನ್ನು ನೋಡಿಕೊಂಡಿದ್ದ ನಾನು ಅಂದು ತಿಳಿದೆ. ಹಿರಿಯರ ಲ್ಯಾಪ್‌ಟಾಪಿನ ರೆಫ್‌ಲಾಗಿನಲ್ಲಿ ಮಾತ್ರ ರೀಸೆಟ್‌ಗೆ ಹಿಂದಿನ ನಮೂದು ಇತ್ತು. ಆ ಗುರುತಿನ ಮೇಲೆ ಹೊಸ ಬ್ರಾಂಚ್ ಮಾಡಿದೊಡನೆ ಏಳು ಕಮಿಟ್‌ಗಳೂ ಮರಳಿ ಬಂದವು. ಇದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕಮಿಟ್ ಮಾಡದ ಮೂರು ಅಧ್ಯಾಯಗಳ ಪೈಕಿ ಎರಡನ್ನು ಅವರು ಆಡ್ ಮಾಡಿದ್ದರು, ಅಂದರೆ ಮುಂದಿನ ಕಮಿಟ್‌ಗೆ ಸೇರಬೇಕೆಂದು ಗುರುತಿಸಿದ್ದರು. ಆಡ್ ಮಾಡಿದ ಕ್ಷಣದಲ್ಲಿಯೇ ಗಿಟ್ ಕಡತದ ಪ್ರತಿಯೊಂದನ್ನು ತನ್ನ ಭಂಡಾರದಲ್ಲಿ ಬರೆದಿಡುವುದರಿಂದ, ಭಂಡಾರವನ್ನು ಪರೀಕ್ಷಿಸುವ ಎಫ್ಎಸ್‌ಸಿಕೆ ಆದೇಶವನ್ನು ಲಾಸ್ಟ್-ಫೌಂಡ್ ಆಯ್ಕೆಯೊಂದಿಗೆ ಓಡಿಸಿದಾಗ ಹೆಸರಿಲ್ಲದ 41 ತುಣುಕುಗಳು ಸಿಕ್ಕವು. ಒಂದೊಂದನ್ನೂ ತೆರೆದು ಓದಿ, ಎರಡೂವರೆ ಗಂಟೆಯ ನಂತರ ಆ ಎರಡು ಅಧ್ಯಾಯಗಳನ್ನು ಗುರುತಿಸಿದೆ. ಆಡ್ ಮಾಡದ ಮೂರನೆಯದು ಎಲ್ಲಿಯೂ ಇರಲಿಲ್ಲ. ಅದರಲ್ಲಿದ್ದ ತಿದ್ದುಪಡಿಗಳನ್ನು ಹಿರಿಯರು ಮುಂದಿನ ವಾರ ಒಂದೂವರೆ ದಿನ ಕುಳಿತು ಮತ್ತೆ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ.

ದಿನ 2, ಭಾನುವಾರ: ಅಳತೆ

ರೆಪೊಸಿಟರಿಯನ್ನು ತೂಗಿ ನೋಡಿದೆ. ಕೆಲಸದ ಕಡತಗಳು 640 ಎಂಬಿ, ಅದರಲ್ಲಿ ಶುದ್ಧ ಪಠ್ಯ ಕೇವಲ 38 ಎಂಬಿ, ಇತಿಹಾಸ 14.2 ಜಿಬಿ. ಕಚೇರಿಯ ಸಂಪರ್ಕದ ಅಪ್‌ಲೋಡ್ ವೇಗ 30 ಎಂಬಿಪಿಎಸ್ ಆಗಿರುವುದರಿಂದ ಮನೆಯಲ್ಲಿ ಕುಳಿತು ಕ್ಲೋನ್ ಮಾಡುವವರಿಗೆ, ಅಂದರೆ ಇತಿಹಾಸ ಸಮೇತ ಪೂರ್ತಿ ನಕಲು ಇಳಿಸಿಕೊಳ್ಳುವವರಿಗೆ, ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಆರಂಭಿಸಬೇಕು, ಏಕೆಂದರೆ ಅರ್ಧಕ್ಕೆ ನಿಂತ ಕ್ಲೋನನ್ನು ಗಿಟ್ ಮುಂದುವರಿಸುವುದಿಲ್ಲ. ಇಷ್ಟು ತೂಕಕ್ಕೆ ಕಾರಣ ಕರಡಚ್ಚಿನ ಪಿಡಿಎಫ್‌ಗಳು. ಒಂದು ಪುಸ್ತಕಕ್ಕೆ ಎಂಟು ಹತ್ತು ಸುತ್ತು ಕರಡು ತೆಗೆದು, ಪ್ರತಿ ಸುತ್ತಿನ ಪಿಡಿಎಫ್ ಅನ್ನೂ ಕಮಿಟ್ ಮಾಡಿದ್ದೆವು. ಪಠ್ಯ ಬದಲಾದರೆ ಗಿಟ್ ವ್ಯತ್ಯಾಸವನ್ನಷ್ಟೇ ಒತ್ತಿ ಇಡಬಲ್ಲದು. ಒಳಗೆ ಈಗಾಗಲೇ ಸಂಕುಚಿತವಾಗಿರುವ ಪಿಡಿಎಫ್ ವಿಷಯದಲ್ಲಿ ಆ ಲಾಭ ದೊರೆಯುವುದು ಕಡಿಮೆ.

ದಿನ 3, ಸೋಮವಾರ: ಬದಲಿಸುವುದೋ, ಉಳಿಸುವುದೋ

ಸಭೆಯಲ್ಲಿ ನಾಲ್ಕು ತಂತ್ರಾಂಶಗಳ ಹೆಸರುಗಳು ಬಂದವು. ಹಿರಿಯರು ಸಬ್‌ವರ್ಶನ್‌ಗೆ ಮರಳೋಣವೆಂದರು, ಅವರ ಮಾತಿನಲ್ಲಿ ತೂಕವಿತ್ತು: ಒಬ್ಬರು ಕೆಲಸ ಮಾಡುತ್ತಿರುವ ಪುಟವಿನ್ಯಾಸದ ಕಡತಕ್ಕೆ ಅಲ್ಲಿ ಬೀಗ ಹಾಕಬಹುದು, ಇನ್ನೊಬ್ಬರು ಅದರ ಮೇಲೆ ಬರೆಯಲಾಗುವುದಿಲ್ಲ. ಆದರೆ ಸರ್ವರ್ ನಿಂತರೆ ಎಲ್ಲರ ಕಮಿಟ್ ಕೆಲಸವೂ ನಿಲ್ಲುತ್ತದೆ. ಫಾಸಿಲ್ ಅನ್ನು ಒಂದು ಗಂಟೆ ನೋಡಿದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಕರ್ತೃ ರಿಚರ್ಡ್ ಹಿಪ್ ಅವರೇ ಮಾಡಿದ ಅದು ಇಡೀ ರೆಪೊಸಿಟರಿಯನ್ನು ಒಂದೇ ಕಡತದಲ್ಲಿ ಇಡುತ್ತದೆ. ನಡೆದ ಇತಿಹಾಸವನ್ನು ತಿದ್ದಬಾರದೆಂಬುದು ಅದರ ನಿಲುವು. ಇತಿಹಾಸದಿಂದ ಹನ್ನೆರಡು ಜಿಬಿ ತೆಗೆಯಬೇಕಾಗಿದ್ದ ನಮಗೆ ಆ ನಿಲುವು ಹೊಂದುತ್ತಿರಲಿಲ್ಲ. ಡಾರ್ಕ್ಸ್ ಎಂಬ ಇದೇ ಬಗೆಯ ತಂತ್ರಾಂಶದ ದಾರಿಯಲ್ಲಿ ಬಂದ ಪಿಹುಲ್ ಘರ್ಷಣೆಗಳನ್ನು ನೋಡುವ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು, ಆದರೆ ಪ್ರಕಾಶಕರ ಕಡೆಯವರು ಗಿಟ್ ಮೂಲಕವೇ ನಮ್ಮಿಂದ ಕಡತ ಪಡೆಯುತ್ತಾರೆ. ನಾಲ್ಕನೆಯದು ಜುಜುತ್ಸು, ಬಳಸುವವರ ಬಾಯಲ್ಲಿ ಜೆಜೆ. ಗೂಗಲ್‌ನ ಎಂಜಿನಿಯರೊಬ್ಬರು ಆರಂಭಿಸಿದ, ರಸ್ಟ್ ಭಾಷೆಯಲ್ಲಿ ಬರೆದ ಈ ತಂತ್ರಾಂಶ ಗಿಟ್‌ನ ಭಂಡಾರವನ್ನೇ ಒಳಗೆ ಇಟ್ಟುಕೊಂಡು ಅದರ ಮೇಲೆ ಬೇರೆಯದೇ ಆದೇಶಗಳನ್ನು ಕೊಡುತ್ತದೆ.

ಶನಿವಾರದ ಹುಡುಕಾಟ ನನಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತ್ತು. 2005ರಲ್ಲಿ ಬಿಟ್‌ಕೀಪರ್ ಎಂಬ ಇದೇ ಬಗೆಯ ತಂತ್ರಾಂಶದ ಉಚಿತ ಪರವಾನಗಿ ಹಿಂದೆಗೆದಾಗ ಲಿನಕ್ಸ್‌ನ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಕೆಲವೇ ವಾರಗಳಲ್ಲಿ ಕಟ್ಟಿದ ಆ ಭಂಡಾರ, ಅಂದರೆ ಪ್ರತಿ ಕಡತವನ್ನೂ ಪ್ರತಿ ಕಮಿಟ್ಟನ್ನೂ ಅದರ ಒಳವಸ್ತುವಿನಿಂದಲೇ ಹುಟ್ಟಿದ ಗುರುತಿನಡಿ ಇಡುವ ವ್ಯವಸ್ಥೆ, ನಮಗೆ ಎಂದೂ ಕೈಕೊಟ್ಟಿಲ್ಲ. ಅದರೊಳಗೆ ಒಮ್ಮೆ ಸೇರಿದ್ದೆಲ್ಲವೂ ಅಂದು ಸಿಕ್ಕಿತು. ಕೈಕೊಟ್ಟದ್ದು ಅದರ ಮುಂಬಾಗಿಲು: ಕೇಳದೆ ಅಳಿಸುವ ರೀಸೆಟ್, ಹಿರಿಯರ ತಲೆಗೆ ಎಂದೂ ಹೋಗದ ಆಡ್ ಎಂಬ ನಡುಮನೆ, ಹಿಂದಕ್ಕೆ ಹೋಗಲು ಒಂದೇ ಸರಳ ಆದೇಶವಿಲ್ಲದಿರುವುದು. ಈ ಮುಂಬಾಗಿಲನ್ನು ಗಿಟ್‌ನವರು ಸುಧಾರಿಸುತ್ತಲೇ ಇದ್ದಾರೆ. ಚೆಕ್‌ಔಟ್ ಎಂಬ ಒಂದೇ ಆದೇಶ ಬ್ರಾಂಚ್ ಬದಲಿಸುವ ಕೆಲಸವನ್ನೂ ಕಡತವನ್ನು ಹಳೆಯ ಸ್ಥಿತಿಗೆ ತರುವ ಕೆಲಸವನ್ನೂ ಮಾಡುತ್ತಿದ್ದ ಗೊಂದಲವನ್ನು ತಪ್ಪಿಸಲು, 2019ರ ಆಗಸ್ಟ್‌ನಲ್ಲಿ ಬಂದ 2.23ನೆಯ ಆವೃತ್ತಿಯಲ್ಲಿ ಸ್ವಿಚ್ ಮತ್ತು ರಿಸ್ಟೋರ್ ಎಂಬ ಎರಡು ಆದೇಶಗಳನ್ನು ಸೇರಿಸಿದರು. ಆದರೂ ಚೆಕ್‌ಔಟ್ ಹಾಗೆಯೇ ಉಳಿದಿದೆ, ಏಕೆಂದರೆ ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟುಗಳು ಅದನ್ನು ನಂಬಿಕೊಂಡಿವೆ. ಗಿಟ್ ಹೊಸದನ್ನು ಸೇರಿಸಬಲ್ಲದು, ಹಳೆಯದನ್ನು ತೆಗೆಯುವುದು ಅದಕ್ಕೆ ಕಷ್ಟ. ಆದ್ದರಿಂದ ಭಂಡಾರವನ್ನು ಉಳಿಸಿ ಮುಂಬಾಗಿಲನ್ನು ಬದಲಿಸುವುದು ಸರಿಯೆಂದು ವಾದಿಸಿದೆ. ಮೊದಲು ಭಂಡಾರವನ್ನು ಶುಚಿಗೊಳಿಸಿ, ಆನಂತರ ಜೆಜೆಯನ್ನು ಇಬ್ಬರು ಮಾತ್ರ ಪ್ರಯೋಗಿಸುವುದೆಂದು ತೀರ್ಮಾನವಾಯಿತು.

ದಿನ 4, ಮಂಗಳವಾರ: ಬ್ಯಾಕಪ್

ಕೈಯಲ್ಲಿದ್ದ 64 ಜಿಬಿ ಪೆನ್‌ಡ್ರೈವಿಗೆ ರೆಪೊಸಿಟರಿಯ ಫೋಲ್ಡರನ್ನು ನಕಲು ಮಾಡಹೊರಟೆ, ಅರ್ಧದಲ್ಲಿ ನಿಂತಿತು. ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿತ್ತು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಹಿಡಿಸುವುದಿಲ್ಲ, ಗಿಟ್ ಇತಿಹಾಸವನ್ನು ಒತ್ತಿ ಇಡುವ ನಮ್ಮ ಪ್ಯಾಕ್ ಕಡತವೊಂದೇ 9 ಜಿಬಿ ಇತ್ತು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ 6,400 ರೂಪಾಯಿಗೆ ಒಂದು ಟಿಬಿಯ ಹೊರಗಿನ ಎಸ್‌ಎಸ್‌ಡಿ ತಂದೆ. ಈ ಸಲ ಫೋಲ್ಡರ್ ನಕಲು ಮಾಡದೆ, ಮಿರರ್ ಆಯ್ಕೆಯೊಂದಿಗೆ ಕ್ಲೋನ್ ಮಾಡಿ, ನಕಲಿನ ಮೇಲೆ ಎಫ್ಎಸ್‌ಸಿಕೆ ಓಡಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡೆ.

ದಿನ 5 ಮತ್ತು 6: ಹನ್ನೆರಡು ಜಿಬಿ ತೆಗೆದದ್ದು

ಇತಿಹಾಸವನ್ನು ತಿದ್ದಿ ಬರೆಯಲು ಗಿಟ್‌ನೊಂದಿಗೆ ಬರುವ ಫಿಲ್ಟರ್-ಬ್ರಾಂಚ್ ಅನ್ನು ಬಳಸಬೇಡಿರೆಂದು ಗಿಟ್ ತಾನೇ ಎಚ್ಚರಿಸುತ್ತದೆ. ಅದರ ಬದಲಿಗೆ ಫಿಲ್ಟರ್-ರೆಪೊ ಎಂಬ ಪ್ರತ್ಯೇಕ ಸಾಧನವನ್ನು ಬಳಸಿದೆ. ದೊಡ್ಡ ಕಡತಗಳನ್ನೆಲ್ಲ ಗಾತ್ರ ನೋಡಿ ತೆಗೆಯುವಂತಿರಲಿಲ್ಲ, ಏಕೆಂದರೆ ಮೂಲ ಹಸ್ತಪ್ರತಿಗಳ ಸ್ಕ್ಯಾನ್‌ಗಳೂ ದೊಡ್ಡವೇ, ಅವು ಬೇಕು. ಆದ್ದರಿಂದ ಇತಿಹಾಸದಲ್ಲಿ ಎಂದಾದರೂ ಬಂದುಹೋದ ಕರಡು ಪಿಡಿಎಫ್‌ಗಳ ಹೆಸರುಗಳನ್ನು ಗಿಟ್ ಲಾಗ್‌ನಿಂದ ಒಂದು ಪಟ್ಟಿಗೆ ಇಳಿಸಿ, ಆ ಪಟ್ಟಿಯನ್ನು ಫಿಲ್ಟರ್-ರೆಪೊಗೆ ಕೊಟ್ಟೆ.

ಮೊದಲ ಯತ್ನ ವ್ಯರ್ಥವಾಯಿತು. ಕೆಲಸ ಮುಗಿಯಿತೆಂದು ಸಾಧನ ಹೇಳಿದರೂ ಗಾತ್ರ 13.9 ಜಿಬಿಯಲ್ಲಿಯೇ ಇತ್ತು. ಪಟ್ಟಿಯನ್ನು ತೆರೆದು ನೋಡಿದರೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತಪಟ್ಟಿ) ಅಲ್ಲದ ಅಕ್ಷರವಿರುವ ಕಡತನಾಮಗಳನ್ನು ಗಿಟ್ ಬೈಟುಗಳಾಗಿ ಒಡೆದು, ಅಷ್ಟಮಾನದ ಅಂಕಿಗಳಲ್ಲಿ, ಓರೆಗೆರೆಗಳ ನಡುವೆ ತೋರಿಸುತ್ತದೆ. ‘ಕ’ ಎಂಬ ಒಂದಕ್ಷರ ಅಲ್ಲಿ 340, 262, 225 ಎಂಬ ಮೂರು ಸಂಖ್ಯೆಗಳಾಗಿರುತ್ತದೆ. ಅಂಥ ಹೆಸರಿನ ಕಡತ ಎಲ್ಲಿಯೂ ಇಲ್ಲವಾದ್ದರಿಂದ ಏನೂ ತೆಗೆಯಲ್ಪಟ್ಟಿರಲಿಲ್ಲ. ಕೋರ್ ವಿಭಾಗದ ಕ್ವೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಹೆಸರುಗಳು ಕನ್ನಡದಲ್ಲಿಯೇ ಬರುತ್ತವೆ. ಇದು ಹೊಸ ಸೆಟ್ಟಿಂಗ್ ಅಲ್ಲ, ಬಹಳ ಹಿಂದಿನಿಂದ ಇದೆ. ಆದರೆ ಆರಂಭದ ಸ್ಥಿತಿ ಇಂದಿಗೂ ಅಂಕಿಗಳನ್ನು ತೋರಿಸುವುದೇ ಆಗಿರುವುದು ನನಗೆ ನೋವಿನ ವಿಷಯ. ಕನ್ನಡದಲ್ಲಿ ಕಡತಕ್ಕೆ ಹೆಸರಿಡುವ ಹೊಸಬರೊಬ್ಬರು ಗಿಟ್ ಸ್ಟೇಟಸ್ ನೋಡಿದ ಮೊದಲ ದಿನವೇ ತಮ್ಮ ಕಡತ ಹಾಳಾಗಿದೆಯೆಂದು ಭಾವಿಸುತ್ತಾರೆ. ನಮ್ಮ ಕಚೇರಿಯಲ್ಲಿ ಇಬ್ಬರು ಹಾಗೆ ಭಾವಿಸಿ ಇಂಗ್ಲಿಷ್ ಹೆಸರುಗಳಿಗೆ ಬದಲಾದದ್ದನ್ನು ನಾನು ನೋಡಿದ್ದೇನೆ.

ಪಟ್ಟಿಯನ್ನು ಹೊಸದಾಗಿ ತೆಗೆದು, ಹೊಸ ಕ್ಲೋನಿನ ಮೇಲೆ ಎರಡನೆಯ ಯತ್ನ ಮಾಡಿದೆ. ಹನ್ನೊಂದು ನಿಮಿಷದಲ್ಲಿ 14.2 ಜಿಬಿ 1.9 ಜಿಬಿಗೆ ಇಳಿಯಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಪ್ರತಿ ಕಮಿಟ್‌ನ ಗುರುತಿನಲ್ಲಿ ಅದರ ಹಿಂದಿನ ಕಮಿಟ್‌ನ ಗುರುತು ಸೇರಿರುವುದರಿಂದ, ಒಂದು ಹಳೆಯ ಕಮಿಟ್ ಬದಲಾದರೆ ಅದರ ನಂತರದವೆಲ್ಲ ಬದಲಾಗುತ್ತವೆ. ಅಚ್ಚಿಗೆ ಹೋದ 63 ಪುಸ್ತಕಗಳ ಅಂತಿಮ ಕಮಿಟ್ ಗುರುತುಗಳನ್ನು ನಾನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೆ. ಅವು ಒಂದೇ ಏಟಿಗೆ ಅರ್ಥಹೀನವಾದವು. ಫಿಲ್ಟರ್-ರೆಪೊ ಹಳೆಯ ಗುರುತಿಗೂ ಹೊಸ ಗುರುತಿಗೂ ಹೊಂದಿಸಿದ ಒಂದು ನಕ್ಷೆಯನ್ನು ಬಿಟ್ಟುಹೋಗುತ್ತದೆ, ಅದನ್ನು ಹಿಡಿದು ಗುರುವಾರ ಸಂಜೆಯೆಲ್ಲ ರಿಜಿಸ್ಟರ್ ತಿದ್ದಿದೆ. ಗುರುತುಗಳನ್ನು ರಿಜಿಸ್ಟರಿನಲ್ಲಿ ಬರೆಯುವ ಬದಲು ಗಿಟ್‌ನಲ್ಲಿಯೇ ಟ್ಯಾಗ್ (ಕಮಿಟ್‌ಗೆ ಅಂಟಿಸುವ ಹೆಸರು) ಹಾಕಿದ್ದರೆ ಅವು ತಾವಾಗಿಯೇ ಹೊಸ ಕಮಿಟ್‌ಗಳಿಗೆ ಸರಿಯುತ್ತಿದ್ದವು. ಈಗ 63ಕ್ಕೂ ಟ್ಯಾಗ್ ಹಾಕಿದ್ದೇನೆ.

ದಿನ 7, ಶುಕ್ರವಾರ: ಎಲ್ಲರಿಗೂ ಹೊಸ ಕ್ಲೋನ್

ನಾಲ್ವರ ಗಣಕಗಳಲ್ಲಿ ಹಳೆಯ ಫೋಲ್ಡರ್ ಅಳಿಸಿ ಹೊಸ ಕ್ಲೋನ್ ಮಾಡಿಸಿದೆ. ಮನೆಯಿಂದ ಕ್ಲೋನ್ ಮಾಡಲು ಈಗ ಒಂಬತ್ತು ನಿಮಿಷ ಸಾಕು.

ದಿನ 10, ಸೋಮವಾರ: ಮತ್ತೆ 14 ಜಿಬಿ

ಬೆಳಿಗ್ಗೆ ನೋಡಿದಾಗ ಸರ್ವರಿನ ರೆಪೊಸಿಟರಿ ಪುನಃ 14 ಜಿಬಿ ದಾಟಿತ್ತು. ನಮ್ಮಲ್ಲಿ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಯ ಮನೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಹಳೆಯ ಕ್ಲೋನ್ ಇತ್ತು. ಭಾನುವಾರ ಅದರಲ್ಲಿ ಪುಲ್ ಮಾಡಿ, ಗಿಟ್ ಕೇಳಿದಂತೆ ಮರ್ಜ್ ಮಾಡಿ, ಪುಶ್ ಮಾಡಿದ್ದರು. ಅವರು ಮಾಡಿದ್ದೆಲ್ಲವೂ ನಾವು ಕಲಿಸಿದಂತೆಯೇ ಇತ್ತು. ತಪ್ಪು ನನ್ನ ಊಹೆಯದು: ಹಳೆಯ ಇತಿಹಾಸಕ್ಕೂ ಹೊಸದಕ್ಕೂ ಸಂಬಂಧವಿಲ್ಲದ್ದರಿಂದ ಗಿಟ್ ಮರ್ಜನ್ನು ತಾನೇ ನಿರಾಕರಿಸುತ್ತದೆಂದು ನಾನು ನಂಬಿದ್ದೆ. ಆದರೆ 2016ರ ಮೊದಲ ಕೆಲವು ವಾರಗಳಲ್ಲಿ ಪಿಡಿಎಫ್‌ಗಳೇ ಇರಲಿಲ್ಲ. ಆ ಕಮಿಟ್‌ಗಳು ಬದಲಾಗದೆ ಎರಡೂ ಇತಿಹಾಸಗಳಿಗೆ ಒಂದೇ ಬೇರಾಗಿ ಉಳಿದಿದ್ದವು. ಬೇರು ಒಂದೇ ಆದ್ದರಿಂದ ಗಿಟ್ ಎರಡನ್ನೂ ಸೇರಿಸಿತು, ಪ್ರತಿ ಕಮಿಟ್ ಎರಡೆರಡು ಸಲ ಬಂದು ಕುಳಿತಿತು.

ಶುಕ್ರವಾರದ ನಕಲಿನಿಂದ ಸರ್ವರನ್ನು ಮರುಸ್ಥಾಪಿಸಿ, ವಿದ್ಯಾರ್ಥಿಯ ಒಂದು ಹೊಸ ಕಮಿಟ್ಟನ್ನು ಮಾತ್ರ ಆರಿಸಿ (ಚೆರ್ರಿ-ಪಿಕ್ ಮಾಡಿ) ತಂದೆ. ಆಮೇಲೆ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸಗಳನ್ನು ಮಾಡಿದೆ. ರೆಪೊಸಿಟರಿಯ ವಿಳಾಸವನ್ನೇ ಬದಲಿಸಿದ್ದರಿಂದ ಹಳೆಯ ಕ್ಲೋನ್‌ಗಳು ಸರ್ವರನ್ನು ತಲುಪಲಾರವು. ಫೋರ್ಸ್ ಪುಶ್ ಮತ್ತು ಬ್ರಾಂಚ್ ಅಳಿಸುವಿಕೆಯನ್ನು ಸರ್ವರ್ ನಿರಾಕರಿಸುವಂತೆ ರಿಸೀವ್ ವಿಭಾಗದ ಎರಡು ಸೆಟ್ಟಿಂಗ್‌ಗಳನ್ನು ಬದಲಿಸಿದೆ. ಸರ್ವರ್ ರೆಫ್‌ಲಾಗ್ ಬರೆಯುವಂತೆ ಮಾಡಿದೆ. ಪಿಡಿಎಫ್ ಇರುವ ಕಮಿಟ್ ಬಂದರೆ ತಡೆಯುವ ಪ್ರೀ-ರಿಸೀವ್ ಸ್ಕ್ರಿಪ್ಟ್ (ಸರ್ವರ್ ಪುಶ್ ಸ್ವೀಕರಿಸುವ ಮುನ್ನ ಓಡುವಂಥದು) ಬರೆದೆ. ಇಷ್ಟಕ್ಕೂ ಹಿಡಿದದ್ದು ಐವತ್ತು ನಿಮಿಷ.

ದಿನ 11ರಿಂದ 14: ಜುಜುತ್ಸು ಪ್ರಯೋಗ

ನಾನೂ ಪುಟವಿನ್ಯಾಸದ ಸಹೋದ್ಯೋಗಿಯೂ ಇರುವ ಗಿಟ್ ಫೋಲ್ಡರಿನಲ್ಲಿಯೇ ಜೆಜೆಯನ್ನು ಸ್ಥಾಪಿಸಿಕೊಂಡೆವು. ಮೊದಲು ಮಾಡಿದ್ದು, ಒಂದು ನಕಲಿನಲ್ಲಿ ಶನಿವಾರದ ಅನಾಹುತವನ್ನೇ ಬೇಕೆಂದು ಮರಳಿ ಮಾಡಿದ್ದು. ಮೂರು ಕಡತಗಳನ್ನು ತಿದ್ದಿ, ಕಮಿಟ್ ಮಾಡದೆ, ತಿದ್ದುಪಡಿಗಳನ್ನೆಲ್ಲ ಎಸೆಯುವ ಆದೇಶ ಕೊಟ್ಟು, ಆಮೇಲೆ ಅನ್‌ಡೂ ಎಂದೆ. ಮೂರೂ ಮರಳಿದವು. ಜೆಜೆಯಲ್ಲಿ ಆಡ್ ಎಂಬ ಹಂತವಿಲ್ಲ. ಕೆಲಸದ ಫೋಲ್ಡರೇ ಒಂದು ಕಮಿಟ್, ಯಾವ ಆದೇಶ ಕೊಟ್ಟರೂ ಅದು ಮೊದಲು ಆ ಕ್ಷಣದ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. ಹಿರಿಯರು ಅಂದು ಇದನ್ನು ಬಳಸುತ್ತಿದ್ದರೆ ಅವರ ಒಂದೂವರೆ ದಿನ ಉಳಿಯುತ್ತಿತ್ತು.

ಘರ್ಷಣೆಯ ವಿಷಯದಲ್ಲಿ ಸಹೋದ್ಯೋಗಿಗೆ ದೊರೆತ ನೆಮ್ಮದಿ ಇನ್ನೂ ದೊಡ್ಡದು. ಜೆಜೆ ಘರ್ಷಣೆಯನ್ನು ಕಮಿಟ್‌ನೊಳಗೇ ದಾಖಲಿಸಿಕೊಂಡು ಮುಂದಿನ ಕೆಲಸಕ್ಕೆ ಬಿಡುತ್ತದೆ. ಬುಧವಾರ ಆರು ಕಡತಗಳಲ್ಲಿ ಘರ್ಷಣೆ ಬಂದಾಗ ಅವರು ಅದನ್ನು ಹಾಗೆಯೇ ಇಟ್ಟು, ಬೇರೆ ಅಧ್ಯಾಯದ ಪುಟಗಳನ್ನು ಮುಗಿಸಿ, ಊಟದ ನಂತರ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿದರು. ಬಿಡಿಸದ ಘರ್ಷಣೆಯನ್ನು ಪುಶ್ ಮಾಡಲು ಜೆಜೆ ಒಪ್ಪುವುದಿಲ್ಲವಾದ್ದರಿಂದ ಸರ್ವರಿಗೆ ಅಪಾಯವಿರಲಿಲ್ಲ.

ಕೆಟ್ಟದ್ದೂ ಆಯಿತು. ಹೊಸದಾಗಿ ಸೇರಿಸಿದ 6 ಎಂಬಿಯ ಸ್ಕ್ಯಾನ್‌ಗಳನ್ನು ಜೆಜೆ ತೆಗೆದುಕೊಳ್ಳಲಿಲ್ಲ. ಹೊಸ ಕಡತಕ್ಕೆ ಅದು ಆರಂಭದಲ್ಲಿ ಇಟ್ಟಿರುವ ಮಿತಿ ಒಂದು ಎಂಬಿ. ಎಚ್ಚರಿಕೆಯ ಸಾಲನ್ನು ನಾವಿಬ್ಬರೂ ಓದದೆ ಒಂದು ದಿನ ಸ್ಕ್ಯಾನ್‌ಗಳಿಲ್ಲದೆಯೇ ಪುಶ್ ಮಾಡಿದೆವು. ಅದೇ ಫೋಲ್ಡರಿನಲ್ಲಿ ಅಭ್ಯಾಸಬಲದಿಂದ ಗಿಟ್ ಸ್ಟೇಟಸ್ ಕೊಟ್ಟರೆ ಯಾವ ಬ್ರಾಂಚಿನಲ್ಲಿಯೂ ಇಲ್ಲವೆಂಬ ಸಂದೇಶ ಬಂದು ಸಹೋದ್ಯೋಗಿ ಎರಡು ಸಲ ನನ್ನನ್ನು ಕರೆದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಜೆಜೆ ಗಿಟ್‌ನ ಪ್ರೀ-ಕಮಿಟ್ ಹುಕ್‌ಗಳನ್ನು (ಕಮಿಟ್‌ಗೆ ಮುನ್ನ ತಾವಾಗಿ ಓಡುವ ಸ್ಕ್ರಿಪ್ಟುಗಳನ್ನು) ಓಡಿಸುವುದಿಲ್ಲ, ಮತ್ತು ನಮ್ಮ ಕನ್ನಡದ ಪಠ್ಯಶುದ್ಧಿ ಇಡಿಯಾಗಿ ಅಂಥ ಒಂದು ಹುಕ್ ಮೇಲೆ ನಿಂತಿತ್ತು.

ಅದರ ವಿವರ ಹೀಗಿದೆ. ಯೂನಿಕೋಡ್‌ನಲ್ಲಿ ‘ಕೊ’ದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು, ಏತ್ವ, ಐತ್ವ, ಓತ್ವ, ದೀರ್ಘ ಈಕಾರಗಳಿಗೂ ಇದೇ ಮಾತು. ಓದುವವರಿಗೆ ಎರಡೂ ಒಂದೇ. ನುಡಿಯಿಂದ ಯೂನಿಕೋಡಿಗೆ ತರುವ ನಮ್ಮ ಹಳೆಯ ಸ್ಕ್ರಿಪ್ಟ್ ಜೋಡಿಯಾಗಿ ಬರೆಯುತ್ತದೆ, ಕೀಲಿಮಣೆ ಒಂದಾಗಿ ಬರೆಯುತ್ತದೆ, ಗಿಟ್ ಬೈಟುಗಳನ್ನಷ್ಟೇ ನೋಡುವುದರಿಂದ ಎರಡನ್ನೂ ಬೇರೆ ಎಂದು ಎಣಿಸುತ್ತದೆ. ಹುಕ್ ಇದನ್ನು ಒಂದೇ ರೂಪಕ್ಕೆ ತರುತ್ತಿತ್ತು. ಅದು ಓಡದ ನಾಲ್ಕು ದಿನಗಳಲ್ಲಿ ಒಂದೇ ಫೋಲ್ಡರಿನೊಳಗೆ ‘ಕೊನೆಯ ಮಾತು’ ಎಂಬ ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕ ಬಂದು ಕುಳಿತವು. ಹಿರಿಯರು ಒಂದನ್ನು ತಿದ್ದಿದರು, ಪುಟವಿನ್ಯಾಸಕ್ಕೆ ಇನ್ನೊಂದು ಹೋಯಿತು. ಅಚ್ಚಿಗೆ ಕಳುಹಿಸುವ ಹಿಂದಿನ ರಾತ್ರಿ ಅದು ಕಣ್ಣಿಗೆ ಬಿತ್ತು. ಪುಸ್ತಕ ನಾಲ್ಕು ದಿನ ತಡವಾಯಿತು. ಪರಿಶೀಲನೆಯನ್ನು ಪ್ರತಿಯೊಬ್ಬರ ಗಣಕದಿಂದ ತೆಗೆದು ಸರ್ವರಿನ ಪ್ರೀ-ರಿಸೀವ್‌ಗೆ ಸೇರಿಸಿದ್ದೇನೆ. ಯಾರು ಯಾವ ಮುಂಬಾಗಿಲಿನಿಂದ ಬಂದರೂ ಕಡತದ ಹೆಸರೂ ಪಠ್ಯವೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಇದೇ ವಾರ ಮಾಡಿದ ಇನ್ನೊಂದು ಕೆಲಸ: 412 ಕಡತಗಳಲ್ಲಿ ಒಂದು ಪ್ಯಾರಾಕ್ಕೆ ಒಂದು ಸಾಲು ಇದ್ದುದನ್ನು ಒಂದು ವಾಕ್ಯಕ್ಕೆ ಒಂದು ಸಾಲು ಎಂದು ಮುರಿದೆ. ಗಿಟ್ ಸಾಲನ್ನು ಘಟಕವಾಗಿ ನೋಡುವುದರಿಂದ, ಮೊದಲು ಒಂದು ಅಲ್ಪವಿರಾಮ ತಿದ್ದಿದರೂ ಇಡೀ ಪ್ಯಾರಾ ಬದಲಾದಂತೆ ಕಾಣುತ್ತಿತ್ತು, ಒಂದೇ ಪ್ಯಾರಾದ ಬೇರೆಬೇರೆ ವಾಕ್ಯಗಳನ್ನು ಇಬ್ಬರು ತಿದ್ದಿದರೆ ಘರ್ಷಣೆ ಖಚಿತವಾಗಿತ್ತು. ಅಕ್ಷರ ಅಕ್ಷರವಾಗಿ ವ್ಯತ್ಯಾಸ ತೋರಿಸುವಂತೆ ಮಾಡಲೂ ಪ್ರಯತ್ನಿಸಿದೆ, ಆದರೆ ಅದು ಕಾಗುಣಿತದ ಗುರುತುಗಳನ್ನು ವ್ಯಂಜನದಿಂದ ಕಿತ್ತು ಬೇರೆ ಬಣ್ಣದಲ್ಲಿ ತೋರಿಸಿದ್ದರಿಂದ ಓದಲಾಗಲಿಲ್ಲ. ಪದ ಪದವಾಗಿ ತೋರಿಸುವ ವರ್ಡ್-ಡಿಫ್ ಆಯ್ಕೆ ಸಾಕಾಗಿದೆ.

ಖರ್ಚು ಮತ್ತು ಇಂದಿನ ಸ್ಥಿತಿ

ಎಸ್‌ಎಸ್‌ಡಿಗೆ 6,400 ರೂಪಾಯಿ, ಆದೇಶಗಳ ಪಟ್ಟಿ ಅಚ್ಚುಮಾಡಿ ಲ್ಯಾಮಿನೇಟ್ ಮಾಡಿಸಿದ ಐದು ಕಾರ್ಡುಗಳಿಗೆ 150 ರೂಪಾಯಿ. ನನ್ನ 46 ಗಂಟೆ, ಇತರರದೆಲ್ಲ ಸೇರಿ ಸುಮಾರು 30 ಗಂಟೆ. ಸಹೋದ್ಯೋಗಿಯೂ ನಾನೂ ಜೆಜೆಯಲ್ಲಿಯೇ ಉಳಿದಿದ್ದೇವೆ, ಕಡತದ ಗಾತ್ರದ ಮಿತಿಯನ್ನು 20 ಎಂಬಿಗೆ ಏರಿಸಿದ್ದೇವೆ. ಉಳಿದ ಮೂವರು ಗಿಟ್ ಬಳಸುತ್ತಾರೆ. ಅವರ ಕಾರ್ಡಿನಲ್ಲಿ ಸ್ವಿಚ್ ಮತ್ತು ರಿಸ್ಟೋರ್ ಇವೆ, ಚೆಕ್‌ಔಟ್ ಹಾಗೂ ರೀಸೆಟ್ ಇಲ್ಲ. ಸರ್ವರಿಗೆ ಈ ಭೇದ ಗೊತ್ತೇ ಆಗುವುದಿಲ್ಲ.

ಪುಟವಿನ್ಯಾಸದ ಕಡತಗಳಿಗೆ ಬೀಗ ಹಾಕುವ ದಾರಿ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಗೋಡೆಯ ಬಿಳಿ ಹಲಗೆಯ ಮೇಲೆ ಕಡತದ ಹೆಸರು, ಎದುರಿಗೆ ತೆಗೆದುಕೊಂಡವರ ಹೆಸರು ಬರೆಯುತ್ತೇವೆ. ಹಿರಿಯರಿಗೆ ಜೆಜೆ ಕಲಿಸುವುದು ಬರುವ ಶನಿವಾರ, ಅವರೇ ಕೇಳಿದ್ದಾರೆ.